ಕಾಲು ಇಂಚು

ಹರಕೆ ನನ್ನದಲ್ಲ, ತಂಗಿ ಲೀಲಾವತಿಯದು.
ಮಂಜುನಾಥನಿಗೆ ನಡೆದೇ ಬರುತ್ತೇನೆಂದವಳಿಗೆ
ಅದೇ ವರ್ಷ ಮೊಣಕಾಲು ಕೈಕೊಟ್ಟಿತು.
"ನಿನ್ನ ಕಾಲು ಗಟ್ಟಿ, ಪೂವಕ್ಕ" ಅಂದಳು.
ಗಟ್ಟಿಯೇ ಇರಬೇಕು:
ಮಹದೇವಪೇಟೆಯ ಈ ಎಂಟಡಿ ಅಂಗಡಿಯಲ್ಲಿ
ಮೂವತ್ತೊಂದು ವರ್ಷ ಪೆಡಲು ತುಳಿದಿದ್ದೇನೆ,
ಕೂತಲ್ಲೇ ಎಷ್ಟು ಸಲ ಮಂಗಳೂರು ಮುಟ್ಟಿ ಬಂದೆನೋ
ಲೆಕ್ಕ ಇಟ್ಟವರಿಲ್ಲ.

ಹುತ್ತರಿ ಕಳೆದು ಬಂದ ಮೊದಲ ಸೋಮವಾರ ಶುರು.
ರಾಜಾಸೀಟಿನ ಏರಿಗೇ ಎದೆ ತಿದಿಯೊತ್ತಿತು.
ಅವತ್ತಿನ ಪ್ರವಾಸಿಗಳ ಫೋಟೋಗಳಲ್ಲೆಲ್ಲ ಹಿಂದೆ
ಸೀರೆ ಎತ್ತಿ ಕಟ್ಟಿ, ಬಗ್ಗಿ ನಿಂತ ಹೆಂಗಸೊಬ್ಬಳಿದ್ದರೆ
ಅದು ನಾನೇ.
ಎರಡನೆಯ ವಾರ ಮೇಕೇರಿ. ನಾಲ್ಕಕ್ಕೆ ಗಾಳಿಬೀಡು,
ಹೋಗಿ, ಬಂದು, ರವಿಕೆ ಎರಡು ಮುಗಿಸಿ, ಮಲಗಿದೆ.

ಚಪ್ಪಲಿ ಸಾಕು ಅಂದುಕೊಂಡಿದ್ದೆ. ಪೋಕರ್ ಹಾಜಿ ನಕ್ಕರು.
"ಬೆಳಿಗ್ಗೆ ಕೊಳ್ಳಬೇಡಿ, ಸಂಜೆ ಬನ್ನಿ.
ಊದಿಕೊಂಡ ಸಂಜೆಯ ಕಾಲೇ ನಿಜವಾದ ಕಾಲು."
ಸಂಜೆ ಹೋದೆ. ಮಣೆಯ ಮೇಲೆ ನಿಲ್ಲಿಸಿ ಅಳೆದರು:
ಬಲಪಾದ ಎಡಕ್ಕಿಂತ ಒಂದು ಗೆರೆ ದೊಡ್ಡದು.
ಪೆಡಲಿನ ಕೆಲಸ.
ಊರವರ ಅಳತೆಯನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟ ನನಗೆ
ನನ್ನದೇ ಈ ಅಳತೆ ಗೊತ್ತಿರಲಿಲ್ಲ.
"ದೊಡ್ಡ ಕಾಲಿಗೆ ತಕ್ಕ ಶೂ ಕೊಳ್ಳಿ. ಬೆರಳ ಮುಂದೆ
ಕಾಲು ಇಂಚು ಬಿಡಿ, ಇಳಿಜಾರಿಗೆ ಬೇಕು."
ಅದು ನನಗೂ ಗೊತ್ತು: ಬೆಳೆಯುವ ಹುಡುಗಿಯ ಲಂಗಕ್ಕೆ
ಒಳಮಡಿಕೆ ಬಿಡುವುದಿಲ್ಲವೇ, ಹಾಗೆ.
ಮಕ್ಕಾದ ಬಿಸಿಲಿಗೆ ಬಿರಿದ ತಮ್ಮ ಹಿಮ್ಮಡಿಯನ್ನು ಹಾಜಿಯವರು
ಕಾಲುಚೀಲ ಸರಿಸಿ ತೋರಿಸಿದರು,
ಪದಕ ತೋರಿಸುವವರ ಹಾಗೆ.

ಕಾಲುಚೀಲ ತಿರುವಿ ಹಾಕಬೇಕಂತೆ, ಹೊಲಿಗೆ ಹೊರಗೆ.
ಒಳಗಿದ್ದರೆ ಕಿರುಬೆರಳನ್ನು ಅರದಂತೆ ಉಜ್ಜುತ್ತದೆ.
ಆಯುಷ್ಯವಿಡೀ ಹೊಲಿಗೆ ಮರೆಸಿದ ಕೈ
ಒಂದು ಕ್ಷಣ ತಡೆಯಿತು.

ಏಳನೆಯ ವಾರ ಸಂಪಾಜೆಯ ಇಳಿಜಾರು.
ಏರುವುದೇ ಕಷ್ಟ ಅಂದವರು ಇಳಿದು ನೋಡಿಲ್ಲ.
ತಾಳತ್ಮನೆ ದಾಟಿ ಮದೆನಾಡಿನ ಹೊತ್ತಿಗೆ
ಹೆಬ್ಬೆರಳು ಶೂವಿನ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.
ಉಗುರು ಬಿಟ್ಟಿದ್ದೆ, ನನ್ನದೇ ತಪ್ಪು.
ಜೋಡುಪಾಲದಲ್ಲಿ ಹಿಮ್ಮಡಿಗೆ ಬೊಬ್ಬೆ ಬಂತು.
ಬೊಬ್ಬೆ ಹೊಡೆದರೆ ಕೇಳುವವರಿರಲಿಲ್ಲ;
ಕಾಫಿ ಲಾರಿಯೊಂದು ತಿರುವಿನಲ್ಲಿ
ನನ್ನ ಪರವಾಗಿ ಕೂಗಿ ಹೋಯಿತು.
ಮೋರಿಕಟ್ಟೆಯ ಮೇಲೆ ಕೂತು
ನಲವತ್ತನೇ ನಂಬರಿನ ಬಿಳಿ ನೂಲು ಪೋಣಿಸಿದೆ,
ಸೂಜಿಯನ್ನು ಬೆಂಕಿಕಡ್ಡಿಗೆ ಹಿಡಿದೆ,
ಆ ಕಡೆಯಿಂದ ಈ ಕಡೆಗೆ ಒಂದೇ ಹೊಲಿಗೆ.
ನೂಲು ಅಲ್ಲೇ ಬಿಟ್ಟೆ. ನೀರು ತಾನಾಗಿ ಇಳಿಯಲಿ,
ಸಿಪ್ಪೆ ಕೀಳಬಾರದು.
ಎದುರಿಗೆ, ಆ ವರ್ಷದ ಮಳೆಗೆ ಜಾರಿದ ಗುಡ್ಡದ ಕೆಂಪು ಗಾಯಕ್ಕೂ
ಹುಲ್ಲು ತೆಳ್ಳಗೆ ಚರ್ಮ ಕಟ್ಟುತ್ತಿತ್ತು,
ಯಾವ ಅವಸರವೂ ಇಲ್ಲದೆ.
ಬಸ್ಸು ಹತ್ತಿ ಮನೆಗೆ ಬಂದೆ. ತಂಗಿಗೆ ಹೇಳಲಿಲ್ಲ.

ನಾಳೆ ನಸುಕಿಗೆ ಹೊರಡುವುದು, ಒಟ್ಟು ಹನ್ನೊಂದು ಜನ.
ಲೀಲಾ ಬಂದಿದ್ದಾಳೆ. ಮಡಚಲಾರದ ಕಾಲು ಚಾಚಿ
ನನ್ನ ಮಷಿನ್ನಿನ ಸ್ಟೂಲಿನಲ್ಲಿ ಕೂತಿದ್ದಾಳೆ.
ಬಿಸಿ ಉಪ್ಪುನೀರಿನಿಂದ ನನ್ನ ಪಾದ ಎತ್ತಿ ಮಡಿಲಿಗಿಟ್ಟು,
ಬೆರಳ ಸಂದಿ ಒಂದೊಂದೇ ಒರೆಸಿ,
ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯದೆ,
ಹರಳೆಣ್ಣೆ ಸವರುತ್ತಾಳೆ.
ಕಪ್ಪಾದ ಹೆಬ್ಬೆರಳಿನ ಮೇಲೆ ಕೈ ನಿಂತಿತು.
"ಇದು ಯಾವಾಗ?"
"ಕತ್ತರಿ ಬಿತ್ತು" ಅಂದೆ.
"ಕತ್ತರಿ" ಅಂದಳು. ನಗಲಿಲ್ಲ.
ಆ ಬೆರಳಿಗೆ ಒಂದು ತೊಟ್ಟು ಎಣ್ಣೆ ಹೆಚ್ಚೇ ಬಿತ್ತು.
ಕಚಗುಳಿಗೆ ಕಾಲೆಳೆದುಕೊಂಡರೆ
ಹಿಮ್ಮಡಿ ಹಿಡಿದು ಗದರಿದಳು:
"ಸುಮ್ಮನಿರು. ಇದೀಗ ನನ್ನ ಕಾಲು."

ದೀಪ ಆರಿಸಿ ಎಷ್ಟೋ ಹೊತ್ತಾದರೂ
ಹಾಸಿಗೆಯ ಕೊನೆಯಲ್ಲಿ ಬಲಪಾದ
ಇಲ್ಲದ ಪೆಡಲು ತುಳಿಯುತ್ತಲೇ ಇತ್ತು.
ಎಡದ್ದು ಆಗಲೇ ನಿದ್ದೆಹೋಗಿತ್ತು.